ಮೂರನೆಯ ಕುಣಿ

ಡಬ್ಬಿಯ ಮುಚ್ಚಳ ತೆಗೆದವಳು ಮಹಾನಂದಾ. ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡು ಅಂಗಳದಲ್ಲಿ ಕನ್ನಡಿಯ ಮುಂದೆ ನಿಂತಿದ್ದ ಧಮ್ಮಪಾಲ ಸುಮ್ಮನೆ ತಿರುಗಿ ನೋಡಿದ, ಹೆಂಡತಿಯ ಕೈಗೆ ಬಂದದ್ದು ಮಟನ್ನು ಎಂದು ತಿಳಿದು ಖುಷಿಯೂ ಪಟ್ಟ. ರಜೆ ಮುಗಿಯಲು ನಾಲ್ಕು ದಿನ ಉಳಿದಿದ್ದವು, ಸೋಮವಾರ ಹೊರಡಬೇಕಿತ್ತು. ಕರಜಗಿಯಲ್ಲಿ ಫೌಜಿಯೊಬ್ಬ ಹೊರಡುವ ವಾರ ಅಂದರೆ ಅವರಿವರ ಮನೆಯಿಂದ ಒಂದಲ್ಲ ಒಂದು ಡಬ್ಬಿ ಬರುವುದು ರೂಢಿ. ಆದರೆ ಮಹಾನಂದಾ ಡಬ್ಬಿಯನ್ನು ಓರೆ ಮಾಡಿದಾಗ ಅದರ ತಳದಲ್ಲಿದ್ದ ರಕ್ತ ಈ ಅಂಚಿನಿಂದ ಆ ಅಂಚಿಗೆ ಹರಿಯಿತು. ಕುಯ್ದು ಎರಡು ತಾಸಾಗಿದ್ದರೂ ಅದು ಹೆಪ್ಪುಗಟ್ಟಿರಲಿಲ್ಲ. ಕಪ್ಪಗಿತ್ತು. ಅವನ ಕೈಯಲ್ಲಿದ್ದ ಬ್ಲೇಡು ಕೆನ್ನೆಯ ಮೇಲೆ ನಿಂತಿತು.

ಹೊಸ್ತಿಲಲ್ಲಿ ಪ್ಯಾರಿಬಿ ನಿಂತಿದ್ದಳು, ಇಸ್ಮಾಯಿಲನ ಹೆಂಡತಿ. "ನಸುಕಿನ್ಯಾಗ ಎದ್ದು ನೋಡ್ತೀನಿ, ಕುರಿ ಥರಥರ ನಡುಗಾಕತ್ತಿತ್ರಿ. ಇವರು ಓಡಿ ಹೋಗಿ ಚಾಕು ತಂದ್ರು. ಜೀವ ಇತ್ತು ಇನ್ನ, ಬಿಸ್ಮಿಲ್ಲಾ ಅಂದು ಕೊಯ್ದ್ರು. ಸಾಯೂತನಕ ಬಿಟ್ರ ಯಾರ ಬಾಯಿಗೂ ಇಲ್ಲದಂಗ ಆಗ್ತದಲ್ರಿ. ಫೌಜಿ ಅಣ್ಣ ಹೊಂಟಾನ, ಮೊದಲ ಅವನ ಮನಿಗಿ ಒಯ್ದು ಕೊಡು ಅಂದ್ರು," ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ರಕ್ತ ಮಾತ್ರ ಡಾಂಬರದಂಗ ಇತ್ತು ನೋಡ್ರಿ ಮಹಾನಂದಾ, ನಾ ಇಷ್ಟು ವರ್ಷದಾಗ ಅಂಥಾದ್ದು ನೋಡಿಲ್ಲ," ಎಂದು ಸೇರಿಸಿದಳು. ಮಹಾನಂದಾ ನಕ್ಕು ಅವಳನ್ನು ಚಹಾಕ್ಕೆ ಕರೆದಳು. ಇನ್ನೂ ನಾಲ್ಕು ಮನೆಗೆ ಪಾಲು ಮುಟ್ಟಿಸಬೇಕೆಂದು ಪ್ಯಾರಿಬಿ ಹೋಗಿಬಿಟ್ಟಳು. ಅವಳು ಓಣಿಯ ತಿರುವು ದಾಟುವವರೆಗೂ ಧಮ್ಮಪಾಲ ಬಾಯಿ ತೆರೆಯಲಿಲ್ಲ. ಹದಿನೇಳು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರನಾದವನಿಗೆ ಹೆಣ್ಣುಮಗಳೊಬ್ಬಳನ್ನು 'ನಿಲ್ಲು' ಎಂದು ಕೂಗಲಾಗಲಿಲ್ಲ. ಸೋಪು ಒಣಗಿ ಮುಖ ಬಿಗಿಯತೊಡಗಿತು.

ಒಂಬತ್ತು ಸೆಕೆಂಡು. ತರಬೇತಿ ಕೇಂದ್ರದಲ್ಲಿ 'ಗ್ಯಾಸ್, ಗ್ಯಾಸ್' ಎಂಬ ಕೂಗು ಬಿದ್ದೊಡನೆ ಉಸಿರು ಕಟ್ಟಿ, ಕಣ್ಣು ಮುಚ್ಚಿ, ಚೀಲದಿಂದ ಮುಖವಾಡ ತೆಗೆದು ಹಾಕಿಕೊಂಡು, ಒಳಗಿನ ಗಾಳಿಯನ್ನು ಜೋರಾಗಿ ಊದಿ ಹೊರಹಾಕಲು ಕೊಡುತ್ತಿದ್ದದ್ದು ಅಷ್ಟೇ ಹೊತ್ತು. ಧಮ್ಮಪಾಲ ಏಳರಲ್ಲಿ ಮುಗಿಸುತ್ತಿದ್ದ. ಮುಗಿಸಿದ ಮೇಲೆ ರಬ್ಬರಿನ ವಾಸನೆಯೊಳಗೆ ತನ್ನದೇ ಉಸಿರು ತನಗೆ ಕೇಳಿಸುತ್ತಿತ್ತು, ಆ ಸೂಟಿನೊಳಗೆ ಹತ್ತು ನಿಮಿಷಕ್ಕೆ ಬೆವರು ಬೂಟಿಗಿಳಿಯುತ್ತಿತ್ತು, ಮತ್ತು ಅವನಿಗೆ ಪ್ರತಿ ಸಲವೂ ಒಂದೇ ಪ್ರಶ್ನೆ ಏಳುತ್ತಿತ್ತು: ಕೂಗುವವನಿಗಾದರೂ ಹೇಗೆ ಗೊತ್ತಾಗುತ್ತದೆ? ಗುಂಡು ಬರುವ ದಿಕ್ಕು ಇರುತ್ತದೆ, ಶೆಲ್ಲಿಗೆ ಸದ್ದು ಇರುತ್ತದೆ. ಗಡಿಯ ಚೌಕಿಯಲ್ಲಿ ಎರಡು ಚಳಿಗಾಲ ಕಳೆದ ಅವನು ಅವೆರಡಕ್ಕೂ ಹೆದರಿ, ಹೆದರಿಕೆಯೊಡನೆ ಬದುಕುವುದನ್ನು ಕಲಿತಿದ್ದ. ಆದರೆ ಮೇಜರ್ ಸಾಹೇಬರು ಪರದೆಯ ಮೇಲೆ ತೋರಿಸಿದ, ಆಂಥ್ರಾಕ್ಸ್ ತರುವ ಕಡ್ಡಿಯಂಥ ಸಣ್ಣ ಜೀವಿಗೆ ದಿಕ್ಕೂ ಇರಲಿಲ್ಲ, ಸದ್ದೂ ಇರಲಿಲ್ಲ, ವೈರಿ ಯಾರೆಂಬ ಗುರುತೂ ಇರಲಿಲ್ಲ. ಅದನ್ನು ಪುಡಿ ಮಾಡಿ ಒಂದು ದಳದ ಮೇಲೆ ಬಿಟ್ಟರೆ, ಆ ದಳ ಮಧ್ಯಾಹ್ನ ಊಟ ಮಾಡಿ, ಎಲೆಯಡಿಕೆ ಹಾಕಿಕೊಂಡು, ಮನೆಗೆ ಫೋನು ಮಾಡಿ ಮಲಗುತ್ತದೆ, ಮೂರನೆಯ ದಿನ ನೆಗಡಿ ಎನ್ನುತ್ತದೆ, ಆಮೇಲೆ ಏಳುವುದಿಲ್ಲ ಎಂದು ಸಾಹೇಬರು ಹೇಳಿದಾಗ ಅರವತ್ತು ಜನರ ಕೋಣೆಯಲ್ಲಿ ಫ್ಯಾನಿನ ಸದ್ದೊಂದೇ ಉಳಿದಿತ್ತು. ಹಿಂದಿನ ಮಹಾಯುದ್ಧದಲ್ಲಿ ಒಂದು ದೇಶ ತನ್ನದೇ ದ್ವೀಪವೊಂದರ ಮೇಲೆ ಕುರಿಗಳನ್ನು ಕಟ್ಟಿಹಾಕಿ ಇದನ್ನು ಪರೀಕ್ಷಿಸಿತಂತೆ. ಕುರಿಗಳು ಸತ್ತವು, ಯುದ್ಧ ಮುಗಿಯಿತು, ಆದರೆ ಸುಮಾರು ಐವತ್ತು ವರ್ಷ ಆ ದ್ವೀಪದ ಮೇಲೆ ಯಾರೂ ಕಾಲಿಡುವಂತಿರಲಿಲ್ಲ. ಅದು ಮಣ್ಣಿನಲ್ಲಿ ಮಲಗಿರುತ್ತದೆ ಎಂದರು ಸಾಹೇಬರು. ಊಟವಿಲ್ಲ, ನೀರಿಲ್ಲ, ಉಸಿರಿಲ್ಲ, ಮಲಗಿರುತ್ತದೆ ಅಷ್ಟೆ.

ಆಮೇಲೆ ಅವರು ಕೇಳಿದರು: ನಿಮ್ಮಲ್ಲಿ ಯಾರಾದರೂ ಈ ರೋಗವನ್ನು ಕಣ್ಣಾರೆ ಕಂಡಿದ್ದೀರಾ? ಹಳ್ಳಿಗಳಲ್ಲಿ ದನ-ಕುರಿಗೆ ಬರುತ್ತದೆ, ನಿಮ್ಮ ಕಡೆ ಏನಾದರೂ ಹೆಸರಿರಬಹುದು. ಧಮ್ಮಪಾಲನ ನಾಲಿಗೆಯ ತುದಿಯಲ್ಲಿ ನೆರಡಿ ಎಂಬ ಹೆಸರಿತ್ತು. ತಾನು ಕಂಡಿರಲಿಲ್ಲ, ಆದರೆ ಅದನ್ನು ಕೈಯಾರೆ ಹೂಳಿದವರ ಮನೆಯಲ್ಲಿ ಹುಟ್ಟಿದ್ದ. ಬಲಗೈ ಮೇಲೆದ್ದಿತು, ಭುಜದವರೆಗೂ ಬಂತು, ಬಂದದ್ದು ಕಿವಿಯ ಹಿಂದೆ ತುರಿಸಿಕೊಂಡು ಕೆಳಗಿಳಿಯಿತು. ಕೈ ಎತ್ತಿದರೆ ಮುಂದಿನ ಪ್ರಶ್ನೆ ಏನೆಂದು ಅವನಿಗೆ ಗೊತ್ತಿತ್ತು: ನಿನಗೆ ಹೇಗೆ ಗೊತ್ತು? ಪಕ್ಕದ ಹಾಸಿಗೆಯವನು ನಿಮ್ಮ ಮನೆಯವರು ಏನು ಮಾಡುತ್ತಿದ್ದರು ಎಂದು ಕೇಳಿದಾಗೆಲ್ಲ ಒಕ್ಕಲುತನ ಎಂದೇ ಹೇಳಿದ್ದ. ಸತ್ತ ದನ ಹೊರುತ್ತಿದ್ದರು, ಸುಲಿಯುತ್ತಿದ್ದರು ಎಂದು ಅರವತ್ತು ಜನರ ಮುಂದೆ ಹೇಳುವುದು ಹೇಗೆ? ಅಲ್ಲಿ ತನ್ನನ್ನು ಕೀಳಾಗಿ ಕಂಡವರು ಯಾರೂ ಇರಲಿಲ್ಲ ಎಂಬುದು ಈಗ ನೆನಪಾಗಿ ಇನ್ನಷ್ಟು ನಾಚಿಕೆಯಾಯಿತು. ಯಾರೂ ಕೇಳದ ಪ್ರಶ್ನೆಗೆ ಹೆದರಿ ಕಿವಿ ತುರಿಸಿಕೊಂಡ ಹವಾಲ್ದಾರ.

"ಅದನ್ನ ಮುಟ್ಟಬ್ಯಾಡ," ಎಂದ. ಮಹಾನಂದಾ ಮಸಾಲೆ ಅರೆಯಲು ಕೂತಿದ್ದಳು. "ಯಾಕ್ರೀ? ಎಳೀ ಕುರಿ, ಛಲೋ ಅದ." "ಮುಟ್ಟಬ್ಯಾಡ ಅಂದೆ. ಕೈ ಸಾಬಾಣ ಹಚ್ಚಿ ತೊಳಕೊ, ಎರಡೆರಡು ಸಲ. ಡಬ್ಬಿ ಮುಚ್ಚಿ ಹೊರಗ ಇಡು." ಅವಳು ಅವನ ಮುಖ ನೋಡಿದಳು. "ಯಾರು ಹೇಳ್ಯಾರ?" "ಫೌಜಿನ್ಯಾಗ ಹೇಳ್ಯಾರ," ಎಂದ. ಅವಳು ಮರುಮಾತಾಡದೆ ಎದ್ದಳು. ಫೌಜಿನವರು ಹೇಳಿದರೆ ಸೈ. ಧಮ್ಮಪಾಲ ಉಳಿದ ಅರ್ಧ ಗಡ್ಡವನ್ನು ಹಾಗೇ ಒರೆಸಿಕೊಂಡು, ಅಂಗಿ ತೊಟ್ಟು, ಇಸ್ಮಾಯಿಲನ ಹೊಲದ ಕಡೆ ಓಡಿದ. ಓಡುವಾಗಲೂ ತಾನು ಆಡಿದ ಮಾತಿನ ಅರ್ಧ ಸುಳ್ಳು ಕಾಲಿಗೆ ತೊಡರುತ್ತಿತ್ತು.

ಫೌಜಿಗಿಂತ ಮೊದಲು ಹೇಳಿದವಳು ಆಯಿ. ಅಪ್ಪನ ತಾಯಿ ಶರಣಬಸಮ್ಮ. ಅವನಿಗೆ ಎಂಟು ವರ್ಷವಿದ್ದಾಗ ಅವಳು ಕೈ ಹಿಡಿದು ಹೊಲದ ಬದುವಿಗೆ ಕರೆದೊಯ್ದು, ನೆಟ್ಟಗೆ ನಿಂತ ಎರಡು ಕಲ್ಲು ತೋರಿಸಿ, ಬಾಯಿಪಾಠ ಮಾಡಿಸಿದ್ದಳು. ಮೂಗಿನಾಗ ಕರಿ ರಕ್ತ ಬಂದು ಸತ್ತ ದನಕ್ಕ ಚಾಕು ಹಚ್ಚಬಾರದು. ಬೂದಿ ತುಂಬಿದ ಅರಿವಿಲೆ ಮೂಗು ಬಾಯಿ ಕಟ್ಟಬೇಕು. ನೆಲದ ಮ್ಯಾಲ ಎಳೀಬಾರದು, ಎಳೆದ್ರ ದಾರಿ ತುಂಬ ಬ್ಯಾನಿ ಬೀಳ್ತದ. ಆಳೆತ್ತರ ಮ್ಯಾಲ ಒಂದು ಕೈ ಕುಣಿ ತೋಡಬೇಕು. ರಕ್ತ ಬಿದ್ದ ಮಣ್ಣೂ ಕುಣಿಗೇ ಹೋಗಬೇಕು. ಸುಣ್ಣ ಹಾಕಬೇಕು, ಜಾಲಿ ಮುಳ್ಳು ಹಾಕಬೇಕು, ಕಲ್ಲು ನಿಲ್ಲಿಸಬೇಕು, ಉಟ್ಟ ಅರಿವಿ ಸುಟ್ಟು ಮನಿಗಿ ಬರಬೇಕು. ತರಬೇತಿಯ ಮೂರನೆಯ ದಿನ ಇಂಗ್ಲಿಷಿನ ಕೈಪಿಡಿಯೊಂದನ್ನು ಹಂಚಿದರು. ಅದರಲ್ಲಿ ಸತ್ತ ಪ್ರಾಣಿಗಳ ವಿಲೇವಾರಿ ಎಂಬ ಪುಟವಿತ್ತು. ಧಮ್ಮಪಾಲ ಅದನ್ನು ಮೆಲ್ಲಗೆ, ಬೆರಳಿಟ್ಟು ಓದಿದ. ಚಾಕು ಹಚ್ಚಬಾರದು. ರಂಧ್ರಗಳನ್ನು ಮುಚ್ಚಬೇಕು. ಎಳೆಯಬಾರದು. ಸುಣ್ಣ. ಗುರುತು. ಒಂದೊಂದೂ ಆಯಿಯದೇ ಮಾತು. ದೊಡ್ಡ ದೊಡ್ಡ ದೇಶಗಳ ಸೈನ್ಯಗಳು ಮುಖವಾಡ ತೊಟ್ಟು ಹೆದರುವ ಆ ಜೀವಿಯ ಎದುರು ಅವಳು ಬರಿಗೈಲಿ, ಬರಿಗಾಲಲ್ಲಿ, ಮೂಗಿಗೆ ಸೆರಗು ಕಟ್ಟಿಕೊಂಡು ನಿಂತಿದ್ದಳು. ಸೂಕ್ಷ್ಮದರ್ಶಕವಿಲ್ಲದೆ, ಅಕ್ಷರವಿಲ್ಲದೆ, ಅವಳ ತಾಯಿಗೆ, ತಾಯಿಯ ತಾಯಿಗೆ ಇದು ತಿಳಿದದ್ದಾದರೂ ಹೇಗೆ? ಎಷ್ಟು ಜನರ ಕೈ ಕಪ್ಪಾಗಿ, ಎಷ್ಟು ಹೆಣ ಬಿದ್ದ ಮೇಲೆ ಆ ಒಂದು ಪುಟ ಅವರ ಬಾಯಲ್ಲಿ ನಿಂತಿರಬೇಕು?

ಬುದ್ಧವಿಹಾರದ ಅಂಗಳ ದಾಟಿ ಅರಳಿಮರದ ನೆರಳಿನಲ್ಲಿ ಹಾಯ್ದುಹೋಗುವಾಗ ಆಯಿಯ ಹಠ ನೆನಪಾಯಿತು. ವಿಹಾರ ಕಟ್ಟಿದ ವರ್ಷ ಹಿರಿಯರೆಲ್ಲ ಬೋಧಿಗಿಡ ಬಾಗಿಲಿನ ಮುಂದೆ ಇರಲಿ ಎಂದರೆ, ಇವಳು ಅಂಗಳದ ಮೂಲೆಯಲ್ಲಿ ಹೋಗಿ ಕುಳಿತುಬಿಟ್ಟಿದ್ದಳು, ಇಲ್ಲಿ ಹಚ್ಚಿದರೆ ಮಾತ್ರ ಏಳುತ್ತೇನೆ ಎಂದು. ಮುದುಕಿಗೆ ಅರಳುಮರುಳು ಎಂದು ನಕ್ಕು ಅಲ್ಲೇ ಹಚ್ಚಿದರು. ದಿನಾ ಎರಡು ಕೊಡ ನೀರು ಹಾಕುವ ಕೆಲಸವನ್ನು ಆಯಿ ಧಮ್ಮಪಾಲನಿಗೆ ಹಚ್ಚಿದ್ದಳು. ಈಗ ಅದರ ಕೆಳಗೆ ಅರ್ಧ ಓಣಿ ಕೂರುತ್ತದೆ.

ಇಸ್ಮಾಯಿಲ ಕೃಷಿಹೊಂಡದ ಪಕ್ಕದಲ್ಲಿ ಕುರಿಯ ಚರ್ಮ ಹರಡುತ್ತಿದ್ದ. ಏಳನೆಯ ಇಯತ್ತೆಯವರೆಗೆ ಇಬ್ಬರೂ ಒಂದೇ ಬೆಂಚಿನವರು. "ಬಾರಲೇ ಫೌಜಿ, ಮಟನ್ ಮುಟ್ಟೇದಿಲ್ಲ?" ಎಂದು ನಗುತ್ತ ಎದ್ದ. ಧಮ್ಮಪಾಲನ ಕಣ್ಣು ಇಸ್ಮಾಯಿಲನ ಮುಂಗೈಯ ಮೇಲಿತ್ತು. ಅಲ್ಲಿ ಹುಣಸೆಬೀಜದಷ್ಟು ಅಗಲದ ಕಪ್ಪು ಹಕ್ಕಳೆ, ಅದರ ಸುತ್ತ ಊತ. ಪರದೆಯ ಮೇಲೆ ಕಂಡದ್ದೇ. "ಏನಲೇ ಇದು?" "ಏನಿಲ್ಲ, ಹುಳ ಕಡದದ. ನಾಕು ದಿನ ಆತು. ಒತ್ತಿದ್ರೂ ನೋವಿಲ್ಲ." ನೋವಿರದ ಕಪ್ಪು ಗಾಯವೇ ಗುರುತು ಎಂದಿದ್ದರು ಮೇಜರ್ ಸಾಹೇಬರು. "ಇದರಕ್ಕಿಂತ ಮೊದಲ ಯಾವುದರ ಸತ್ತಿತ್ತೇನು?" "ಹೋದ ವಾರ ಒಂದು ಮರಿ ಸತ್ತಿತ್ತು. ಸುಲದು ಚರ್ಮ ತೆಗದೆ. ಯಾಕ?"

ಹೊಂಡದ ದಂಡೆಯ ಮೇಲೆ ಬಟ್ಟೆ ಒಗೆಯಲು ಹಾಕಿದ ಉದ್ದನೆಯ ಕಲ್ಲು ಬಿದ್ದಿತ್ತು. ಆಯಿ ತೋರಿಸಿದ ಎರಡರಲ್ಲಿ ಒಂದು. ಹೋದ ಬೇಸಿಗೆಯ ರಜೆಯಲ್ಲಿ ಇಲ್ಲೇ ನಿಂತು, ಜೆಸಿಬಿಯ ಬಕೆಟ್ಟು ಆ ಕಲ್ಲನ್ನು ಕಿತ್ತು ಮಗ್ಗುಲಿಗಿಟ್ಟದ್ದನ್ನು, ಆಮೇಲೆ ಎರೆಮಣ್ಣಿನ ನಡುವೆ ಬೆಳ್ಳಗೆ ಸುಣ್ಣದ ಹೆಂಟೆಗಳು ಎದ್ದು ಬಂದದ್ದನ್ನು ಅವನು ನೋಡಿದ್ದ. ಸುತ್ತ ಏಳೆಂಟು ಜನರಿದ್ದರು. ಇಸ್ಮಾಯಿಲ ಹೆಗಲ ಮೇಲೆ ಕೈ ಹಾಕಿ ಹೆಂಗಾಗೇದ ಎಂದು ಕೇಳಿದ್ದ. ಛಲೋ ಆಗೇದ ಎಂದಿದ್ದ ಧಮ್ಮಪಾಲ. ಮೇಲೆ ಬಂದ ಮಣ್ಣನ್ನು ಹೊಲದ ತುಂಬ ಹರಡಿದರು, ಮಳೆ ಬಿತ್ತು, ಹುಲ್ಲು ಬಂತು, ಕುರಿ ಮೇಯ್ದವು. ಐವತ್ತು ವರ್ಷವಾಗಿದೆ, ಇನ್ನೆಲ್ಲಿಯದು ಎಂದು ಅಂದು ತನಗೆ ತಾನೇ ಹೇಳಿಕೊಂಡಿದ್ದ. ಅದು ಮಲಗಿರುತ್ತದೆ ಎಂದು ಕಿವಿಯಾರೆ ಕೇಳಿ ಬಂದವನೇ ಹಾಗೆ ಹೇಳಿಕೊಂಡಿದ್ದ. ಆ ಎರಡಕ್ಷರದ 'ಛಲೋ' ಈಗ ಇಸ್ಮಾಯಿಲನ ಮುಂಗೈ ಮೇಲೆ ಕಪ್ಪಗೆ ಕೂತಿತ್ತು.

"ಗಾಡಿ ತೆಗಿ. ಈಗಿಂದೀಗ ದವಾಖಾನಿಗಿ ಹೋಗು. ಕೈ ತೋರಿಸಿ, ನೆರಡಿ ಬ್ಯಾನಿ ಕುರಿ ಕೊಯ್ದೀನಿ ಅಂತ ಹೇಳು. ಮುಚ್ಚಿಡಬ್ಯಾಡ." ಇಸ್ಮಾಯಿಲನ ನಗು ಮಾಯವಾಯಿತು. "ನಿನಗ ಹ್ಯಾಂಗ ಗೊತ್ತು?" ಬಂದೇಬಿಟ್ಟಿತು ಆ ಪ್ರಶ್ನೆ. ಧಮ್ಮಪಾಲ ಹೊಂಡದ ನೀರು ನೋಡಿದ. "ಫೌಜಿನ್ಯಾಗ ಕಲಿಸ್ಯಾರ. ಇದು ಲಡಾಯಿ ಬ್ಯಾನಿ. ವೈರಿಗಳು ಸೈನಿಕರ ಮ್ಯಾಲ ಬಿಡ್ತಾರ." "ಯಾ ಅಲ್ಲಾ," ಎಂದ ಇಸ್ಮಾಯಿಲ, ತನ್ನ ಕೈಯನ್ನು ಬೇರೆಯವರ ಕೈ ಎಂಬಂತೆ ದೂರ ಹಿಡಿದು ನೋಡುತ್ತ. "ಅಷ್ಟು ದೊಡ್ಡದು ನನ್ನ ಕುರಿಗಿ ಹ್ಯಾಂಗ ಬಂತಲೇ?" ಧಮ್ಮಪಾಲನಿಗೆ ಉತ್ತರ ಗೊತ್ತಿತ್ತು. "ಮೊದಲ ದವಾಖಾನಿಗಿ ನಡಿ," ಎಂದ.

ಅಣ್ಣನ ಮಗನ ಗಾಡಿಯ ಹಿಂದೆ ಕೂತು ಇಸ್ಮಾಯಿಲ ಅಫಜಲಪುರಕ್ಕೆ ಹೋದ. ಧಮ್ಮಪಾಲ ಪಶುವೈದ್ಯರಿಗೆ ಫೋನು ಮಾಡಿ, ಪ್ಯಾರಿಬಿಯನ್ನು ಕರೆದುಕೊಂಡು ಪಾಲು ಹೋದ ನಾಲ್ಕೂ ಮನೆಗಳ ಬಾಗಿಲು ತಟ್ಟಿದ. ಎರಡು ಮನೆಯಲ್ಲಿ ಒಲೆಯ ಮೇಲೆ ಇಟ್ಟಾಗಿತ್ತು, ಯಾರೂ ಇನ್ನೂ ಬಾಯಿಗಿಟ್ಟಿರಲಿಲ್ಲ. ಖಾಸೀಂಬಿ ಎಂಬ ಮುದುಕಿ ಮಾತ್ರ, "ಹಬ್ಬ ಆದ ಮ್ಯಾಲ ಇವತ್ತೇ ನನ್ನ ಮನ್ಯಾಗ ಮಟನ್ ಬಂದದ, ಬೇಯಿಸಿದ್ರ ಎಲ್ಲಾ ಸಾಯ್ತದ ತಗೋ," ಎಂದು ಪಾತೇಲಿಯ ಮುಂದೆ ಅಡ್ಡ ನಿಂತಳು. "ಆಯೀ, ಫೌಜಿನ ಹುಕುಂ ಅದ," ಎಂದ ಧಮ್ಮಪಾಲ. ಅವಳು ಕೂಡಲೇ ಸರಿದು ನಿಂತು, ಸೆರಗು ತಲೆಯ ಮೇಲೆ ಎಳೆದುಕೊಂಡಳು. ಓಣಿಯಲ್ಲಿ ಹೋಗುವಾಗ ಗಂಡಸರು ಎದ್ದು ನಿಲ್ಲುತ್ತಿದ್ದರು. ಫೌಜಿಗೆ ತಿಳಿದದ್ದಕ್ಕೆ ಊರು ಉಳಿಯಿತು ಎಂದು ಯಾರೋ ಅಂದರು. ಒಂದೊಂದು ಮನೆಗೂ ಅವನ ಎತ್ತರ ಒಂದೊಂದು ಗೇಣು ಬೆಳೆಯುತ್ತಿತ್ತು, ಒಂದೊಂದು ಮನೆಗೂ ಅವನು ಆಯಿಯನ್ನು ಮತ್ತೊಮ್ಮೆ ಹೂಳುತ್ತಿದ್ದ. ಇದು ತನ್ನ ಜೀವನದ ದೊಡ್ಡ ದಿನವೋ ಹೊಲಸು ದಿನವೋ ಅವನಿಗೆ ತಿಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪಶು ದವಾಖಾನೆಯ ಡಾಕ್ಟರ್ ಪಲ್ಲವಿ ಬಂದಳು. ಜೇವರ್ಗಿ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ವರ್ಷವಾಗಿರಬೇಕು. ಕೈಗೆ ಎರಡು ಜೊತೆ ಗ್ಲೌಸು, ಮುಖಕ್ಕೆ ಮಾಸ್ಕು ಹಾಕಿಕೊಂಡು ರಕ್ತದ ಮಾದರಿ ತೆಗೆದಳು. ಮಟನ್ನು, ಚರ್ಮ, ರಕ್ತ ಬಿದ್ದ ಮಣ್ಣು ಎಲ್ಲವನ್ನೂ ಆಳವಾದ ಕುಣಿಗೆ ಹಾಕಿಸಿ, ಮೇಲೆ ಸುಣ್ಣ ಸುರಿಸಿದಳು. ಧಮ್ಮಪಾಲ ದೂರ ನಿಂತು ಆ ಹುಡುಗಿ ಹೇಳುವ ಒಂದೊಂದು ಮಾತನ್ನೂ ಮುಂಚೆಯೇ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದ. ಅಷ್ಟರಲ್ಲಿ ದವಾಖಾನೆಯಿಂದ ಫೋನು ಬಂತು. ಇಸ್ಮಾಯಿಲನಿಗೆ ಔಷಧ ಶುರು ಮಾಡಿದ್ದಾರೆ, ಸಮಯಕ್ಕೆ ಬಂದಿದ್ದಾನೆ, ಇನ್ನೆರಡು ದಿನ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ. ಪ್ಯಾರಿಬಿ ಬದುವಿನ ಮೇಲೆ ಕುಸಿದು ಕೂತು ಅತ್ತಳು.

ಪಲ್ಲವಿ ಕಾಗದದ ಹಲಗೆ ಹಿಡಿದು ಅವನ ಬಳಿ ಬಂದಳು. "ಮಾಹಿತಿ ಕೊಟ್ಟವರು, ಹವಾಲ್ದಾರ್ ಧಮ್ಮಪಾಲ, ಅಲ್ರಿ? ನೀವು ಗುರುತು ಹಿಡಿದದ್ದು ಭಾರಿ ಆತ್ರಿ. ನಮ್ಮ ಕಾಲೇಜಿನಾಗ ಕಲ್ತವರಿಗೂ ಸಡನ್ ಹೊಳೆಯಂಗಿಲ್ಲ." ಆಮೇಲೆ ಸುತ್ತ ನೆರೆದವರ ಕಡೆ ತಿರುಗಿದಳು. "ಇದು ಮಣ್ಣಿನಾಗಿಂದ ಬಂದಿರಬೇಕ್ರಿ. ಹಿಂದ ಯಾವಾಗರ ಈ ಬ್ಯಾನಿ ದನ ಹೂಳಿದ ಜಾಗ ಇರಬೇಕು. ನಿಮ್ಮೊಳಗ ಯಾರಾದ್ರೂ ಕಣ್ಣಾರೆ ಕಂಡೋರು ಅದೀರೇನ್ರಿ?"

ಅದೇ ಪ್ರಶ್ನೆ. ಫ್ಯಾನಿರಲಿಲ್ಲ ಅಷ್ಟೆ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪ್ಯಾರಿಬಿ ಕಣ್ಣೊರೆಸಿಕೊಳ್ಳುತ್ತ, "ನಾಳಿಗಿ ಜೆಸಿಬಿ ಬರೋದದರಿ ಮೇಡಂ, ಹೊಂಡ ದೊಡ್ಡದು ಮಾಡಾಕ. ಆ ಜಾಲಿ ಮೆಳಿ ಎಲ್ಲಾ ತೆಗಸ್ತೀವಿ ಅಂದಾರಿವರು," ಎಂದಳು. ಅವಳು ಕೈ ತೋರಿಸಿದ ಕಡೆ, ಮುಳ್ಳಿನ ಒಳಗೆ, ಎರಡನೆಯ ಕಲ್ಲಿತ್ತು. ಅದು ಇರುವುದು ಫೌಜಿನ ಯಾವ ಕೈಪಿಡಿಯಲ್ಲೂ ಬರೆದಿರಲಿಲ್ಲ.

ಧಮ್ಮಪಾಲನಿಗೆ ತನ್ನ ದನಿ ತನಗೇ ಮುಖವಾಡದೊಳಗಿಂದ ಕೇಳಿಸಿದಂತಾಯಿತು. "ನನ್ನ ಹೆಸರು ಹೊಡದು ಹಾಕ್ರಿ ಮೇಡಂ. ಶರಣಬಸಮ್ಮ ಅಂತ ಬರೀರಿ. ನಮ್ಮ ಆಯಿ, ಈಗಿಲ್ಲ. ಸತ್ತ ದನ ಹೊರೋ ಕೆಲಸ ನಮ್ಮ ಮನಿತನದ್ದಿತ್ತು. ಈ ಹೊಂಡದ ಜಾಗದಾಗ ಆಕೀನೇ ಹೂಳಿದ್ಲು. ಒಗಿಯೋ ಕಲ್ಲು ಅಂತ ಹಾಕೀರಲ್ಲ, ಅದು ಆಕಿ ನಿಲ್ಲಿಸಿದ ಗುರುತು. ಹೋದ ಬ್ಯಾಸಗ್ಯಾಗ ಜೆಸಿಬಿ ಕಿತ್ತಾಗ ನಾ ಇಲ್ಲೇ ನಿಂತಿದ್ದೆ, ನನಗ ಗೊತ್ತಿತ್ತು, ಹೇಳಲಿಲ್ಲ. ನಾಚಿಕಿ ಬಂತು." ಪ್ಯಾರಿಬಿಯ ಕಡೆ ನೋಡಲು ಅವನಿಗೆ ಧೈರ್ಯವಾಗಲಿಲ್ಲ, ಆದರೂ ನೋಡಿದ. ಅವಳು ಅವನನ್ನೇ ದಿಟ್ಟಿಸುತ್ತಿದ್ದಳು, ಸಿಟ್ಟಿನಿಂದಲೋ ದುಃಖದಿಂದಲೋ. "ಇನ್ನೊಂದು ಆ ಜಾಲಿಯೊಳಗದ," ಎಂದ. "ಎರಡು ಕುಣಿ."

"ಎರಡಲ್ಲ."

ದನಿ ಹಿಂದಿನಿಂದ ಬಂತು. ಅಪ್ಪ. ಎಪ್ಪತ್ತೈದರ ಭಗವಂತ ಯಾವಾಗ ಬಂದು ಬದುವಿನಾಚೆ ನಿಂತಿದ್ದನೋ ಯಾರೂ ನೋಡಿರಲಿಲ್ಲ. ಹರೆಯದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ಸುಲಿಯುವ ಚಾಕುವನ್ನು ಭೀಮಾ ಹೊಳೆಗೆ ಎಸೆದು, ಸತ್ತ ದನ ಮುಟ್ಟುವುದಿಲ್ಲ ಎಂದು ಆಣೆ ಇಟ್ಟವನು. ಅಂದಿನಿಂದ ಆ ಕೆಲಸದ ಮಾತು ಅವನ ಬಾಯಲ್ಲಿ ಬಂದದ್ದಿಲ್ಲ. ಊರವರೂ ಕೇಳಲಿಲ್ಲ. ಕೆಲಸ ಹೋಯಿತು, ಕೆಲಸದ ಜೊತೆ ಕಲ್ಲುಗಳ ಅರ್ಥವೂ ಹೋಯಿತು. ಈಗ ಅವನು ಬಲಗೈಯನ್ನು ಸಾಲಿಯ ಹುಡುಗನ ಹಾಗೆ ಪೂರ್ತಿ ಮೇಲೆತ್ತಿ ನಿಂತಿದ್ದ. ಆ ಕೈ ಇಳಿಯಲಿಲ್ಲ.

"ನಾ ಕಣ್ಣಾರೆ ಕಂಡೀನ್ರಿ, ಡಾಕ್ಟರಬಾಯಿ. ದೀಕ್ಷಾಕ್ಕ ಮೂರು ವರ್ಷ ಮೊದಲ. ಒಂದು ವಾರದಾಗ ಹನ್ನೊಂದು ಎತ್ತು ಬಿದ್ದವು. ನಾನು, ನಮ್ಮವ್ವ, ಇಬ್ಬರೇ ಹೊತ್ತೀವಿ. ಮೂರು ಕುಣಿ ಆದವು. ಎರಡಕ್ಕ ಕಲ್ಲು ಸಿಕ್ಕವು." ಅವನು ಕೈ ಇಳಿಸಿ ಮಗನ ಕಡೆ ನೋಡಿದ. "ಮೂರನೇದು ನಮ್ಮ ವಿಹಾರದಾಗದ, ಧಮ್ಮಾ. ಆ ಜಾಗ ಯಾರಿಗೂ ಬ್ಯಾಡಾಗಿತ್ತು, ಅದಕ್ಕ ನಮಗ ಕೊಟ್ರು. ಕಟ್ಟೂ ಮುಂದ ನಮ್ಮವ್ವ ಅಂದ್ಲು, ಹೇಳಿದ್ರ ಹೆದರಿ ವಿಹಾರನೇ ಬಿಡ್ತಾರ, ಹೇಳದಿದ್ರ ಮುಂದ ಯಾರರ ಅಗೀತಾರ. ಬುದ್ಧನ ಗಿಡ ಹಚ್ಚಿದ್ರ ಯಾರೂ ಅಗಿಯಂಗಿಲ್ಲ ಅಂದ್ಲು. ಅಲ್ಲೇ ಕುಂತ್ಲು."

ಹೊಲದಿಂದ ನೋಡಿದರೆ ವಿಹಾರದ ಗೋಡೆಯ ಮೇಲೆ ಅರಳಿಮರದ ತಲೆ ಕಾಣುತ್ತಿತ್ತು, ಗಾಳಿಯಿಲ್ಲದಿದ್ದರೂ ಎಲೆ ಅಲುಗುತ್ತಿದ್ದವು. ಅದರ ಕೆಳಗೆ ಧಮ್ಮಪಾಲ ಮಗ್ಗಿ ಬರೆದಿದ್ದ, ಮಲಗಿದ್ದ, ಸೈನ್ಯಕ್ಕೆ ಆಯ್ಕೆಯಾದ ಕಾಗದ ಓದಿದ್ದ, ಅಲ್ಲೇ ಮಹಾನಂದಾಳನ್ನು ಮದುವೆಯಾಗಿದ್ದ. ಅಷ್ಟು ವರ್ಷವೂ ಆ ಬ್ಯಾನಿ ಆಳೆತ್ತರ ಮೇಲೊಂದು ಕೈ ಕೆಳಗೆ ಊಟವಿಲ್ಲದೆ, ಉಸಿರಿಲ್ಲದೆ ಮಲಗಿತ್ತು, ಮತ್ತು ಅಷ್ಟು ವರ್ಷವೂ ಅದರ ಮೇಲೆ ಮುದುಕಿ ಎದ್ದೇಳದೆ ಕೂತಿದ್ದಳು. ಇದಕ್ಕಿಂತ ದೊಡ್ಡ ಕಾವಲನ್ನು ಅವನು ಯಾವ ಗಡಿಯಲ್ಲೂ ಕಂಡಿರಲಿಲ್ಲ.

ಪಲ್ಲವಿ ಮಾಸ್ಕು ಇಳಿಸಿ, ಹವಾಲ್ದಾರನ ಹೆಸರು ಹೊಡೆದುಹಾಕಿ, ಮೇಲೆ ಶರಣಬಸಮ್ಮ ಎಂದು ಬರೆದಳು. ಹಳೆಯ ಕುಣಿಗಳ ಸಂಖ್ಯೆಯ ಎದುರು ಮೂರು ಎಂದು ಬರೆದಳು. "ಅವರ ಪರವಾಗಿ ಸಹಿ ಬೇಕಾಗ್ತದಲ್ರಿ," ಎಂದಳು ಮೆಲ್ಲಗೆ. ಭಗವಂತ ಮುಂದೆ ಬಂದು ಪೆನ್ನು ಇಸಿದುಕೊಂಡ, ಒಂದು ಗಳಿಗೆ ಅದನ್ನು ನೋಡಿದ, ಮಗನ ಕೈಗೆ ಕೊಟ್ಟ.

"ನೀ ಹಾಕು," ಎಂದ. "ಆ ಗಿಡಕ್ಕ ಆಕಿ ನಿನ್ನ ಕೈಲೇ ನೀರು ಹಾಕಿಸ್ಯಾಳ."